ನ್ಯಾಯಮೂರ್ತಿಗಳ ನೇಮಕ: ಕಾರಣ ಹೇಳಿ, ಗಡುವು ಪಾಲಿಸಿ

ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಗಳನ್ನು ಯಾರು ಆರಿಸಬೇಕು ಎಂಬ ಜಗಳಕ್ಕೆ ಐವತ್ತು ವರ್ಷ ದಾಟಿದೆ. ಹಿರಿಯ ನ್ಯಾಯಮೂರ್ತಿಗಳೇ ಹೆಸರು ಆರಿಸುವ ಕೊಲಿಜಿಯಂ ಕಿತ್ತುಹಾಕಿ ಎನ್ನುವವರು ಒಂದು ಕಡೆ, ಅದನ್ನು ಮುಟ್ಟಲೇಬೇಡಿ ಎನ್ನುವವರು ಇನ್ನೊಂದು ಕಡೆ. ಒಬ್ಬರನ್ನು ಆರಿಸಿದ್ದೇಕೆ, ಇನ್ನೊಬ್ಬರನ್ನು ಬಿಟ್ಟದ್ದೇಕೆ ಎಂದು ಜನರಿಗೆ ಹೇಳುವ ಹೊಣೆಯನ್ನು ಮಾತ್ರ ಎರಡೂ ಕಡೆಯವರು ಹೊರುತ್ತಿಲ್ಲ.

ಈ ಜಗಳದ ಬೇರು ಇರುವುದು 1973ರ ಏಪ್ರಿಲ್‌ನಲ್ಲಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ್ದ ಪ್ರಕರಣದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದು 7–6ರ ಬಹುಮತದ ತೀರ್ಪು ಬಂತು. ಅದರ ಬೆನ್ನಲ್ಲೇ ಇಂದಿರಾ ಗಾಂಧಿ ಸರ್ಕಾರ ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಅವರಲ್ಲಿ ಕೆ.ಎಸ್. ಹೆಗ್ಡೆ ಕಾರ್ಕಳದ ಕಡೆಯವರು. ತುರ್ತು ಪರಿಸ್ಥಿತಿಯಲ್ಲಿ ನಾಗರಿಕರ ಸ್ವಾತಂತ್ರ್ಯದ ಪರ ಒಂಟಿಯಾಗಿ ಭಿನ್ನ ತೀರ್ಪು ಬರೆದ ಎಚ್.ಆರ್. ಖನ್ನಾ ಅವರಿಗೂ 1977ರಲ್ಲಿ ಇದೇ ಗತಿಯಾಯಿತು.

ಆ ಕಹಿ ಅನುಭವದ ಮೇಲೆ ಕಟ್ಟಿದ ತಡೆಗೋಡೆಯೇ ಕೊಲಿಜಿಯಂ. 1993ರ ತೀರ್ಪು ಮತ್ತು 1998ರ ಅಭಿಪ್ರಾಯದಿಂದ, ಮುಖ್ಯ ನ್ಯಾಯಮೂರ್ತಿ ಮತ್ತು ನಾಲ್ವರು ಅತಿ ಹಿರಿಯರ ಮಾತಿಗೆ ನಿರ್ಣಾಯಕ ಬಲ ಬಂತು. 2014ರಲ್ಲಿ ಸಂಸತ್ತು ತಂದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರಲ್ಲಿ ಸಂವಿಧಾನ ಪೀಠ 4–1ರಿಂದ ರದ್ದು ಮಾಡಿತು. ಅದು ಸರಿಯಾದ ತೀರ್ಪು. ಆರು ಮಂದಿಯ ಆ ಆಯೋಗದಲ್ಲಿ ಯಾವುದೇ ಇಬ್ಬರು ಸದಸ್ಯರು ಬೇಡವೆಂದರೆ ಹೆಸರು ಬಿದ್ದುಹೋಗುತ್ತಿತ್ತು. ದೇಶದ ಅತಿ ದೊಡ್ಡ ಕಕ್ಷಿದಾರ ಸರ್ಕಾರವೇ. ತನ್ನ ವ್ಯಾಜ್ಯ ಕೇಳುವವರನ್ನು ತಡೆಯುವ ಅಧಿಕಾರ ಅದರ ಕೈಗೆ ಸಿಗಬಾರದು.

ಆದರೆ ಹಿಂಬಾಗಿಲಿನಿಂದ ಆ ಅಧಿಕಾರ ಸಿಕ್ಕೇಬಿಟ್ಟಿದೆ. ಈಗ ಯಾರನ್ನೂ ಬಹಿರಂಗವಾಗಿ ಬದಿಗೊತ್ತಬೇಕಾಗಿಲ್ಲ, ಕಡತದ ಮೇಲೆ ಕುಳಿತರೆ ಸಾಕು. ಉತ್ತರಾಖಂಡದಲ್ಲಿ ರಾಷ್ಟ್ರಪತಿ ಆಳ್ವಿಕೆಯನ್ನು ರದ್ದು ಮಾಡಿದ ಪೀಠದಲ್ಲಿದ್ದ ಕೆ.ಎಂ. ಜೋಸೆಫ್ ಅವರ ಹೆಸರನ್ನು ಕೊಲಿಜಿಯಂ 2018ರ ಜನವರಿಯಲ್ಲಿ ಶಿಫಾರಸು ಮಾಡಿತು. ಜತೆಗೇ ಹೋದ ಇಂದು ಮಲ್ಹೋತ್ರಾ ಅವರ ಹೆಸರಿಗೆ ಒಪ್ಪಿಗೆ ಸಿಕ್ಕಿತು, ಜೋಸೆಫ್ ಹೆಸರು ವಾಪಸ್ ಬಂತು. ಆಗಸ್ಟ್‌ನಲ್ಲಿ ಅವರು ಪ್ರಮಾಣವಚನ ಸ್ವೀಕರಿಸುವಷ್ಟರಲ್ಲಿ ಸೇವಾ ಹಿರಿತನದಲ್ಲಿ ಕೆಳಗಿಳಿದಿದ್ದರು. ಸರ್ಕಾರ ಆಗ ಲಿಖಿತ ಕಾರಣವನ್ನಾದರೂ ಕೊಟ್ಟಿತ್ತು, ಹಾಗಾಗಿ ಅದನ್ನು ಪ್ರಶ್ನಿಸಲು ಸಾಧ್ಯವಾಯಿತು. ದೆಹಲಿ ಹೈಕೋರ್ಟಿಗೆ ಸೌರಭ್ ಕೃಪಾಲ್ ಅವರ ಹೆಸರನ್ನು ಕೊಲಿಜಿಯಂ 2021ರಲ್ಲಿ ಶಿಫಾರಸು ಮಾಡಿತು, 2023ರ ಜನವರಿಯಲ್ಲಿ ಕಾರಣ ಸಮೇತ ಮತ್ತೊಮ್ಮೆ ಒತ್ತಿ ಹೇಳಿತು. ಆಮೇಲೂ ನೇಮಕವಾಗದೆ ವರ್ಷಗಳು ಉರುಳಿದವು. ಎರಡನೇ ಶಿಫಾರಸಿಗೆ ಸರ್ಕಾರ ಬದ್ಧ ಎಂಬ ನಿಯಮ ಕಾಗದದಲ್ಲೇ ಉಳಿಯಿತು.

ಇಷ್ಟಕ್ಕೂ ಸರ್ಕಾರವನ್ನಷ್ಟೇ ದೂರಿದರೆ ಅರ್ಧ ಸತ್ಯವಾದೀತು. ಗುಜರಾತಿನಲ್ಲಿ ಆಳುವವರಿಗೆ ರುಚಿಸದ ಆದೇಶ ಕೊಟ್ಟಿದ್ದ ಅಕೀಲ್ ಕುರೇಶಿ ದೇಶದ ಹಿರಿಯ ಮುಖ್ಯ ನ್ಯಾಯಮೂರ್ತಿಗಳ ಸಾಲಿನಲ್ಲಿದ್ದರು. 2021ರ ಆಗಸ್ಟ್‌ನಲ್ಲಿ ಒಂಬತ್ತು ಮಂದಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ಹೆಸರೇ ಇರಲಿಲ್ಲ. ಏಕೆಂದು ಕೊಲಿಜಿಯಂ ಹೇಳಲಿಲ್ಲ. 2025ರಲ್ಲಿ ವಿಪುಲ್ ಪಂಚೋಲಿ ಅವರ ಬಡ್ತಿಗೆ ನಮ್ಮ ರಾಜ್ಯದ ಬಿ.ವಿ. ನಾಗರತ್ನ ಅವರು ಕೊಲಿಜಿಯಂನಲ್ಲಿ ಭಿನ್ನಾಭಿಪ್ರಾಯ ದಾಖಲಿಸಿದ್ದಾರೆಂದು ಪತ್ರಿಕೆಗಳು ಬರೆದವು. ಆದರೆ ಪ್ರಕಟವಾದ ನಿರ್ಣಯದಲ್ಲಿ ಅದರ ಸುಳಿವೇ ಇರಲಿಲ್ಲ. ತೀರ್ಪುಗಳಲ್ಲಿ ಭಿನ್ನಮತವನ್ನು ಅಚ್ಚು ಹಾಕಿ ಹಂಚುವ ಕೋರ್ಟು ನೇಮಕದಲ್ಲಿ ಅದನ್ನು ಬಚ್ಚಿಡುವುದು ಯಾವ ನ್ಯಾಯ?

ಕಾರಣ ಪ್ರಕಟಿಸಿದರೆ ಬಿಟ್ಟುಹೋದವರ ಮಾನಕ್ಕೆ ಕುಂದು ಬರುತ್ತದೆ ಎಂಬ ಆಕ್ಷೇಪವಿದೆ. ಖಾಸಗಿ ದೂರುಗಳನ್ನು ಗುಟ್ಟಾಗಿಡಲು ಯಾರ ಅಡ್ಡಿಯೂ ಇಲ್ಲ. ಆದರೆ ಕಾರಣ ಹೇಳದಿದ್ದರೆ ಗಾಳಿಮಾತು ಆ ಜಾಗ ತುಂಬುತ್ತದೆ, ಅದರಿಂದಲೇ ಮಾನಕ್ಕೆ ಹೆಚ್ಚು ಪೆಟ್ಟು. ಚುನಾಯಿತ ಸರ್ಕಾರಕ್ಕೆ ಮಾತೇ ಬೇಡವೇ ಎಂಬುದು ಇನ್ನೊಂದು ಪ್ರಶ್ನೆ. ಖಂಡಿತ ಬೇಕು, ಆ ಮಾತು ಬರಹದಲ್ಲಿರಲಿ, ಅದಕ್ಕೆ ತಾರೀಕು ಇರಲಿ.

ಹೈಕೋರ್ಟ್ ನೇಮಕಗಳಲ್ಲಿ ಎರಡನೇ ಸಲದ ಶಿಫಾರಸಿಗೆ ಮೂರು–ನಾಲ್ಕು ವಾರಗಳಲ್ಲಿ ಒಪ್ಪಿಗೆ ಸಿಗಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಸುಪ್ರೀಂ ಕೋರ್ಟ್ ನೇಮಕಕ್ಕೂ ಇಂಥ ಗಡುವು ಬರಲಿ. ಗಡುವು ಮೀರಿದರೆ ಸರ್ಕಾರಕ್ಕೆ ಆಕ್ಷೇಪವಿಲ್ಲವೆಂದೇ ತಿಳಿದು ಕಡತ ರಾಷ್ಟ್ರಪತಿಗೆ ಹೋಗಲಿ. ಕೊಲಿಜಿಯಂ ತನ್ನ ಮಾನದಂಡ, ಆಯ್ಕೆಯ ಕಾರಣ, ಭಿನ್ನಮತ ಮೂರನ್ನೂ ಪ್ರಕಟಿಸಲಿ. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ. ಮುಖ್ಯ ನ್ಯಾಯಮೂರ್ತಿ ಮತ್ತು ಕಾನೂನು ಸಚಿವರು ಮನಸ್ಸು ಮಾಡಿದರೆ ನೇಮಕದ ಕಾರ್ಯವಿಧಾನದಲ್ಲೇ ಇದನ್ನು ಬರೆಯಬಹುದು. ಬರೆಯದೆ ಇಬ್ಬರೂ ಪರಸ್ಪರ ಬೊಟ್ಟು ಮಾಡುತ್ತಿದ್ದರೆ, ಇಬ್ಬರಿಗೂ ಈ ಕತ್ತಲೆಯೇ ಅನುಕೂಲವಾಗಿದೆ ಎಂದು ಜನ ತೀರ್ಮಾನಿಸುತ್ತಾರೆ.