ಕಲ್ಲಿನಡಿ ಹುಳ ಕಂಡರೆ ಹೊಳೆ ನೀರು ಕೆಟ್ಟಿದೆ ಎಂದರ್ಥವೇ?

ಹೊಳೆಯ ಕಲ್ಲಿಗೆ ಅಂಟಿಕೊಂಡ ಹುಳಗಳನ್ನು ತೋರಿಸಿ 'ನೀರು ವಿಷವಾಗಿದೆ' ಎನ್ನುವ ವಿಡಿಯೊ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಅದು ಯಾವ ಹುಳ?

ಕಟ್ಟೆಮಳಲವಾಡಿಯ ಅಣೆಕಟ್ಟೆ ಇರುವ ಲಕ್ಷ್ಮಣತೀರ್ಥದಂಥ ಹರಿಯುವ ಹೊಳೆಗಳಲ್ಲಿ, ಮರಳು ಕಾಳು ಅಥವಾ ಕಡ್ಡಿಚೂರುಗಳನ್ನು ಅಂಟಿಸಿ ಮಾಡಿದ ಪುಟ್ಟ ಕೊಳವೆಗಳು ಕಲ್ಲಿನಡಿ ಸಿಗಬಹುದು. ಒಳಗಿರುವುದು ಕ್ಯಾಡಿಸ್ ಹುಳ. ಬಾಯಿಂದ ರೇಷ್ಮೆ ನೂಲು ತೆಗೆದು, ನೀರೊಳಗೇ ಮನೆ ಕಟ್ಟಿಕೊಳ್ಳುತ್ತದೆ. ಜಗತ್ತಿನಲ್ಲಿ ಇದರ 16 ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಬೆಳೆದ ಮೇಲೆ ಪತಂಗದಂತೆ ಕಾಣುವ ಈ ಕೀಟ ರಾತ್ರಿ ದೀಪಕ್ಕೆ ಬರುತ್ತದೆ; ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ.

ಈ ಹುಳದ ಬದುಕನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದವರು ಟ್ರೌಟ್ ಮೀನಿಗೆ ಗಾಳ ಹಾಕುವವರು. ಕೋಶ ಸೀಳಿ ಹೊರಬಂದ ಕ್ಯಾಡಿಸ್ ಈಜುತ್ತಾ ಮೇಲೇರಿ, ನೀರಿನ ಮೇಲ್ಮೈಯಲ್ಲಿ ಪೊರೆ ಕಳಚಿ ಹಾರಬೇಕು. ಆ ಸ್ವಲ್ಪ ಹೊತ್ತು ಅದಕ್ಕೆ ಓಡಿಹೋಗಲು ದಾರಿಯಿಲ್ಲ, ಮೀನಿಗೆ ಹಬ್ಬ. ಆ ಗಳಿಗೆಯ ಹುಳವನ್ನೇ ಹೋಲುವ ನಕಲಿಗೆ 'ಕ್ಯಾಡಿಸ್ ಎಮರ್ಜರ್' ಎನ್ನುತ್ತಾರೆ. ಚಿಕ್ಕ ಬಾಗಿದ ಗಾಳಕ್ಕೆ ದಾರ ಸುತ್ತಿ, ಕಳಚುತ್ತಿರುವ ಪೊರೆಯಂತೆ ಹಿಂದೆ ಹೊಳೆಯುವ ನಾರು ಬಿಡುತ್ತಾರೆ. ಮೊಲದ ತುಪ್ಪಳವನ್ನು ದಾರಕ್ಕೆ ಹೊಸೆದು ಹಸಿರು ಅಥವಾ ಕಂದು ಮೈ ಮಾಡಿ, ಮೇಲೆ ತೆಳು ತಂತಿ ಸುತ್ತಿ, ಪೂರ್ತಿ ಬಿಚ್ಚದ ರೆಕ್ಕೆಯಂತೆ ಜಿಂಕೆ ಕೂದಲಿನ ಗಿಡ್ಡ ಕುಚ್ಚು ಕಟ್ಟುತ್ತಾರೆ. ಅಮೆರಿಕದ ಗ್ಯಾರಿ ಲಾಫಾಂಟೇನ್ ಈ ಕೀಟಗಳ ಬಗ್ಗೆಯೇ 1981ರಲ್ಲಿ ದಪ್ಪ ಪುಸ್ತಕ ಬರೆದರು. (ಹುಣಸೂರಿನ ಕಡೆ ಟ್ರೌಟ್ ಹುಡುಕಬೇಡಿ. ಅದು ತಣ್ಣೀರಿನ ಮೀನು. ನಮಗೆ ಹತ್ತಿರದಲ್ಲಿ ಅದನ್ನು ತಂದು ಬಿಟ್ಟಿದ್ದು ನೀಲಗಿರಿಯಲ್ಲಿ.)

ಈಗ ಮೊದಲ ಪ್ರಶ್ನೆಗೆ ಬರೋಣ. ಕ್ಯಾಡಿಸ್ ಹುಳಕ್ಕೆ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು. ಚರಂಡಿ ನೀರು ಸೇರಿ ಆಮ್ಲಜನಕ ಇಳಿದರೆ ಮೊದಲು ಕಾಣೆಯಾಗುವ ಜೀವಿಗಳಲ್ಲಿ ಇದೂ ಒಂದು. ಹಾಗಾಗಿ ಬ್ರಿಟನ್‌ನಲ್ಲಿ ರೂಪುಗೊಂಡ ಬಿಎಂಡಬ್ಲ್ಯೂಪಿ ಎಂಬ ಅಂಕಪಟ್ಟಿಯಲ್ಲಿ ಕೊಳವೆ ಮನೆಯ ಹಲವು ಕ್ಯಾಡಿಸ್ ಕುಟುಂಬಗಳಿಗೆ ಗರಿಷ್ಠ 10 ಅಂಕ. ಕಲ್ಲಿನ ಮೇಲೆ ಬಲೆ ನೇಯುವ ಕ್ಯಾಡಿಸ್ ಸ್ವಲ್ಪ ಕೊಳಕನ್ನು ಸಹಿಸುತ್ತದೆ, ಅದಕ್ಕೆ 5. ಕೆಸರಿನ ಕೆಂಪು ಹುಳದ ಕುಟುಂಬಕ್ಕೆ 2 ಮಾತ್ರ. ಈ ಕೆಂಪು ಹುಳದ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆ ಹಿಮೋಗ್ಲೋಬಿನ್ ಇದೆ; ಉಸಿರುಗಟ್ಟುವ ನೀರಲ್ಲೂ ಬದುಕುತ್ತದೆ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ನದಿಗಳ ಪರೀಕ್ಷೆಗೆ ಇಂಥ ಅಂಕಪದ್ಧತಿ ಬಳಸಿದೆ.

ಅಂದರೆ ಹುಳ ಇರುವುದಕ್ಕಿಂತ, ಇದ್ದ ಕ್ಯಾಡಿಸ್ ಮಾಯವಾಗಿ ಕೆಂಪು ಹುಳ ಮಾತ್ರ ಉಳಿಯುವುದು ಹೆಚ್ಚು ಚಿಂತೆಯ ವಿಷಯ. 'ಹುಳ ಸಾಯಲಿ' ಎಂದು ಹೊಳೆಗೆ ಬ್ಲೀಚಿಂಗ್ ಪೌಡರ್ ಅಥವಾ ಕೀಟನಾಶಕ ಸುರಿಯುವುದಂತೂ ಮೀನಿನ ಊಟವನ್ನೂ ಮೀನನ್ನೂ ಒಟ್ಟಿಗೆ ಕೊಂದಂತೆ.

ಇದನ್ನೇ ತಿರುವಿ 'ಕ್ಯಾಡಿಸ್ ಇದೆ, ಹಾಗೇ ಕುಡಿಯಬಹುದು' ಎಂದು ಹಂಚಿದರೆ ಅದೂ ತಪ್ಪು. ಭೇದಿ, ಟೈಫಾಯಿಡ್ ತರುವ ರೋಗಾಣುಗಳ ಸುದ್ದಿಯನ್ನು ಈ ಹುಳ ಹೇಳಲಾರದು. ಹೊಳೆ ನೀರನ್ನು ಕುದಿಸಿಯೇ ಕುಡಿಯಬೇಕು. ಇನ್ನು ಮನೆಯ ತೊಟ್ಟಿಯಲ್ಲಿ ನಿಂತ ನೀರಿನ ಮೇಲೆ ತಲೆಕೆಳಗಾಗಿ ತೂಗುವ ಮರಿಗಳು ಕ್ಯಾಡಿಸ್ ಅಲ್ಲ, ಸೊಳ್ಳೆಯವು. ಅವನ್ನು ಇವತ್ತೇ ಚೆಲ್ಲಿ, ತೊಟ್ಟಿ ಉಜ್ಜಿ ಮುಚ್ಚಿಡಿ.