ಬೇಟೆಯ ಚೀಟಿಯೂ ಪ್ರಜೆಯ ಸತ್ಯವೂ

ಅಮೇರಿಕೆಯ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ಜಿಂಕೆಯನ್ನು ಕೊಂದ ಬೇಟೆಗಾರನು, ಅದನ್ನು ಬಿದ್ದ ಸ್ಥಳದಿಂದ ಕದಲಿಸುವ ಮೊದಲೇ, ಪರವಾನಿಗೆಯೊಡನೆ ದೊರೆತ ಚೀಟಿಯಲ್ಲಿ ದಿನ, ವೇಳೆ, ಸ್ಥಳಗಳನ್ನು ಬರೆದು ಮೃಗದ ಕಿವಿಗೆ ಕಟ್ಟತಕ್ಕದ್ದು. 10 ದಿನಗಳೊಳಗಾಗಿ ಇಲಾಖೆಗೆ ವರದಿ ಕೊಡತಕ್ಕದ್ದು. ಒಮ್ಮೆ ಬರೆದ ಚೀಟಿಯು ಇನ್ನೊಂದು ಜಿಂಕೆಗೆ ಸಲ್ಲದು.

ಅಡವಿಯಲ್ಲಿ ಇದನ್ನು ನೋಡುವವರಾರು? ಪೋಲೀಸರಿಲ್ಲ, ಪಂಚರಿಲ್ಲ. ಆದರೂ ಮುಂದಿನ ವರ್ಷದ ಪರವಾನಿಗೆಗಳನ್ನು ಗೊತ್ತುಪಡಿಸುವಾಗ ಈ ಲೆಕ್ಕವು ಬೇಕೇ ಬೇಕು. ವರದಿ ಕೊಡದವರು ಅನೇಕರಿರುವುದರಿಂದ ಇಲಾಖೆಯವರು ಮಾಂಸ ಹದಗೊಳಿಸುವ ಅಂಗಡಿಗಳಿಗೆ ಹೋಗಿ, ಅಲ್ಲಿಯ ಚೀಟಿಗಳನ್ನು ವರದಿಗಳೊಡನೆ ತಾಳೆ ನೋಡುತ್ತಾರೆ. ಒಬ್ಬನ ಮೌನವು ಎಲ್ಲರ ಲೆಕ್ಕವನ್ನು ಕೆಡಿಸುತ್ತದೆ.

ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಮೊದಲು ಪರವಾನಿಗೆಯ ಬೇಟೆಗೆ ಎಡೆಗೊಟ್ಟು, ಕೊಂದ ಮೃಗಗಳ ದಾಖಲೆಯನ್ನು ಕೇಳುತ್ತಿತ್ತು. 1991ರ ತಿದ್ದುಪಡಿಯಿಂದ ಆ ಪರವಾನಿಗೆಗಳೇ ರದ್ದಾದವು. ಇಂದು ಬಂಡೀಪುರ, ನಾಗರಹೊಳೆಗಳಲ್ಲಿ ಜಿಂಕೆಯನ್ನು ಬೇಟೆಯಾಡುವುದು ಅಪರಾಧ. ಚೀಟಿಯಿರಲಿ, ನಿಷೇಧವಿರಲಿ, ಕಾಣುವವರಿಲ್ಲದ ಕಾಡಿನಲ್ಲಿ ಕಾಯಿದೆಯನ್ನು ಉಳಿಸತಕ್ಕದ್ದು ಪ್ರಜೆಯ ಸತ್ಯನಿಷ್ಠೆಯೇ. ಹರಿದು ಹಂಚಿಹೋಗಿದ್ದ ನಾಡನ್ನು 1956ರಲ್ಲಿ ಒಂದುಗೂಡಿಸಿಕೊಂಡ ಕನ್ನಡಿಗರು ಅದರ ವನಸಂಪತ್ತಿನ ವಿಷಯದಲ್ಲಿ ಈ ನಿಷ್ಠೆಯನ್ನು ತೋರಬೇಡವೇ?