ಹೊಲಿಗೆಯೂ ಪೂರ್ವವೃತ್ತಾಂತವೂ

ನಾಲ್ಕು ತಿಂಗಳು ತುಂಬಿ ಐದು ನಡೆಯುತ್ತಿರುವಾಗ, ಜ್ವರವಿಲ್ಲದೆ, ಬಿದ್ದು ಪೆಟ್ಟಾಗದೆ, ಹೆರಿಗೆಯ ಬೇನೆಯೆಂದು ಹೇಳಿಕೊಳ್ಳುವಷ್ಟು ನೋವೂ ಇಲ್ಲದೆ ಗರ್ಭ ಇಳಿದುಹೋಗುವುದುಂಟು. ಒಮ್ಮೆ ಹೀಗಾದರೆ ಮನೆಯವರು ದುರ್ದೈವವೆಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಎರಡನೆಯ ಸಲ, ಮೂರನೆಯ ಸಲ ಅದೇ ತಿಂಗಳಿನಲ್ಲಿ ಅದೇ ಬಗೆಯಲ್ಲಿ ಸಂಭವಿಸಿತೆಂದರೆ, ಭಾರ ಎತ್ತಿದಳು, ಪರಂಗಿಹಣ್ಣು ತಿಂದಳು, ಬಸ್ಸಿನಲ್ಲಿ ಓಡಾಡಿದಳು ಎಂಬ ಆಪಾದನೆಗಳೆಲ್ಲ ಗರ್ಭ ಕಳೆದುಕೊಂಡವಳ ತಲೆಯ ಮೇಲೆಯೇ ಬಂದು ಕೂರುತ್ತವೆ. ವೈದ್ಯಶಾಸ್ತ್ರ ಹೇಳುವ ಕಾರಣ ಬೇರೆಯದು. ಇಂಥವರಲ್ಲಿ ಕೆಲವರ ಗರ್ಭಕಂಠಕ್ಕೆ, ಅಂದರೆ ಜನ ಗರ್ಭಕೋಶದ ಬಾಯಿ ಎಂದು ಕರೆಯುವ ಭಾಗಕ್ಕೆ, ಹೆಚ್ಚುತ್ತಿರುವ ಭಾರವನ್ನು ತಡೆದು ಮುಚ್ಚಿಕೊಂಡಿರುವ ಶಕ್ತಿ ಸಾಲದೆ ಅದು ಅಕಾಲದಲ್ಲಿ ತೆರೆದುಕೊಳ್ಳುತ್ತದೆ. ಹುಟ್ಟಿನಿಂದ ಬಂದ ರಚನೆಯಿಂದಲೋ ಹಿಂದಿನ ಹೆರಿಗೆಯ ಅಥವಾ ಶಸ್ತ್ರಕ್ರಿಯೆಯ ಗಾಯದಿಂದಲೋ ಒದಗುವ ಈ ದೌರ್ಬಲ್ಯಕ್ಕೆ ಆಕೆಯ ನಡೆನುಡಿಗಳನ್ನು ಹೊಣೆಮಾಡುವುದು ನ್ಯಾಯವಲ್ಲ.

ಇದಕ್ಕೆ ಪರಿಹಾರವೊಂದನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಪ್ರಮುಖರು ನಮ್ಮ ದೇಶದವರೇ ಎಂಬುದನ್ನು ಬಲ್ಲವರು ವಿರಳ. ಗೋವೆಯ ಶಿರೋಡಾದಲ್ಲಿ 1899ರಲ್ಲಿ ಜನಿಸಿ, ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತು, ಮುಂದೆ ಅಲ್ಲಿಯೇ ಕಲಿಸಿದ ಡಾ. ವಿಠ್ಠಲ ನಾಗೇಶ ಶಿರೋಡ್ಕರರು, ನಡುತಿಂಗಳುಗಳಲ್ಲಿ ಮತ್ತೆ ಮತ್ತೆ ಗರ್ಭವನ್ನು ಕಳೆದುಕೊಳ್ಳುತ್ತಿದ್ದ ಸ್ತ್ರೀಯರಿಗೆ ಔಷಧಗಳಾವುವೂ ಫಲಿಸದಿರುವುದನ್ನು ಕಂಡು, ರೋಗಿಯ ತೊಡೆಯಿಂದಲೇ ತೆಗೆದ ಗಟ್ಟಿಪೊರೆಯ ಪಟ್ಟಿಯೊಂದನ್ನು ಗರ್ಭಕಂಠದ ಒಳಬಾಯಿಯ ಮಟ್ಟದಲ್ಲಿ ಸುತ್ತ ಬಳಸಿ ಬಿಗಿಯುವ ಕ್ರಮವನ್ನು ರೂಪಿಸಿ, 1955ರಲ್ಲಿ ಮದರಾಸಿನ ‘ಆಂಟಿಸೆಪ್ಟಿಕ್’ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡು ವರ್ಷಗಳ ತರುವಾಯ ಮೆಲ್ಬರ್ನಿನ ಇಯಾನ್ ಮೆಕ್‌ಡೊನಾಲ್ಡರು, ಎಲೆಯಡಿಕೆಯ ಸಂಚಿಯ ಬಾಯನ್ನು ದಾರವೆಳೆದು ಬಿಗಿಯುವಂತಹ ಇನ್ನೂ ಸರಳವಾದ ಹೊಲಿಗೆಯನ್ನು ವರ್ಣಿಸಿದರು. ಇಂದಿಗೂ ಈ ಇಬ್ಬರ ಹೆಸರಿನಿಂದಲೇ ಈ ಹೊಲಿಗೆಗಳು ಪ್ರಸಿದ್ಧವಾಗಿವೆ. ಸಾಮಾನ್ಯವಾಗಿ 12ರಿಂದ 14ನೆಯ ವಾರದೊಳಗೆ, ಬೆನ್ನಿಗೆ ಅರಿವಳಿಕೆ ಕೊಟ್ಟು ಅಲ್ಪಕಾಲದಲ್ಲಿಯೇ ಮುಗಿಸಬಹುದಾದ ಈ ಕ್ರಿಯೆಗೆ ದುಬಾರಿ ಯಂತ್ರಗಳು ಬೇಡ. 36 ಅಥವಾ 37ನೆಯ ವಾರದಲ್ಲಿ ದಾರವನ್ನು ಕತ್ತರಿಸಿ ತೆಗೆದರೆ ಸಹಜ ಹೆರಿಗೆಗೂ ಅಡ್ಡಿಯಿಲ್ಲ.

ಇಷ್ಟು ಸುಲಭವಾದುದನ್ನು ಎಲ್ಲ ಗರ್ಭಿಣಿಯರಿಗೂ ಮುಂಜಾಗ್ರತೆಗೆಂದು ಹಾಕಿಬಿಟ್ಟರೆ ನಷ್ಟವೇನೆಂದು ಕೇಳುವವರುಂಟು. ಬಹುಕಾಲ ಕಾದು ಪಡೆದ ಗರ್ಭದ ವಿಷಯದಲ್ಲಂತೂ ಮನೆಯವರ ಆತಂಕವೇ ವೈದ್ಯರನ್ನು ಆ ಕಡೆಗೆ ಒತ್ತಾಯಿಸುವುದು ಅಸಂಭವವಲ್ಲ. ಆದರೆ ಹೊಲಿಗೆ ಅಪಾಯರಹಿತವಲ್ಲ: ಸೋಂಕು ತಗಲಬಹುದು, ನೀರಿನ ಚೀಲ ಒಡೆಯಬಹುದು, ಬೇನೆ ಆರಂಭವಾದ ಮೇಲೂ ದಾರ ಉಳಿದುಕೊಂಡರೆ ಗರ್ಭಕಂಠವೇ ಸೀಳಬಹುದು. ಇದರ ಪ್ರಯೋಜನದ ಮಿತಿಯನ್ನು 1993ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಪರೀಕ್ಷೆಯೊಂದು ಚೆನ್ನಾಗಿ ತೋರಿಸಿತು. ಹೊಲಿಗೆ ಬೇಕೋ ಬೇಡವೋ ಎಂದು ವೈದ್ಯರಿಗೇ ಸಂಶಯವಿದ್ದ 1,292 ಸ್ತ್ರೀಯರಲ್ಲಿ, ಹೊಲಿಗೆ ಹಾಕಿದವರಲ್ಲಿ ಶೇಕಡ 13, ಹಾಕದವರಲ್ಲಿ ಶೇಕಡ 17 ಮಂದಿಗೆ 33 ವಾರ ತುಂಬುವ ಮೊದಲೇ ಪ್ರಸವವಾಯಿತು; ಎಂದರೆ ಸುಮಾರು 25 ಮಂದಿಗೆ ಹಾಕಿದ ಹೊಲಿಗೆ ಒಬ್ಬಾಕೆಗೆ ಮಾತ್ರ ಫಲ ಕೊಟ್ಟಿತು. ಆದರೆ ಮೂರು ಅಥವಾ ಹೆಚ್ಚು ಸಲ ನಡುತಿಂಗಳಲ್ಲಿ ಗರ್ಭ ಕಳೆದುಕೊಂಡವರನ್ನೋ ಅಕಾಲದಲ್ಲಿ ಹೆತ್ತವರನ್ನೋ ಪ್ರತ್ಯೇಕವಾಗಿ ನೋಡಿದಾಗ ಈ ಪ್ರಮಾಣ ಶೇಕಡ 32ರಿಂದ 15ಕ್ಕೆ ಇಳಿದಿತ್ತು. ದಾರವೂ ಅದೇ, ಸೂಜಿಯೂ ಅದೇ ಆಗಿರಲಾಗಿ, ಫಲದಲ್ಲಿ ಇಷ್ಟು ಅಂತರವನ್ನುಂಟುಮಾಡಿದುದು ಆ ಸ್ತ್ರೀಯರ ಪೂರ್ವವೃತ್ತಾಂತ.

ಶಿರೋಡ್ಕರರ ಕಾಲದಲ್ಲಿ ಗರ್ಭಕಂಠವನ್ನು ಅಳೆಯುವ ಸ್ಕ್ಯಾನಿಂಗ್ ಇರಲಿಲ್ಲ. ಇಂದು ಅದೂ ಉಂಟು. ಹಿಂದೊಮ್ಮೆ ಅಕಾಲದಲ್ಲಿ ಹೆತ್ತವಳ ಗರ್ಭಕಂಠ 24 ವಾರದೊಳಗೆ 25 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ ಹೊಲಿಗೆಯನ್ನು ಯೋಚಿಸಬೇಕೆಂಬುದು ಈಗ ಅಂಗೀಕೃತವಾದ ಪದ್ಧತಿ. ಹಿಂದೆ ಯಾವ ತೊಂದರೆಯೂ ಇಲ್ಲದವಳಲ್ಲಿ ಅದೇ ಗಿಡ್ಡತನ ಕಂಡರೆ ಸಾಮಾನ್ಯವಾಗಿ ಮೊದಲು ಕೊಡುವುದು ಪ್ರೊಜೆಸ್ಟರಾನ್. ಅವಳಿ ಗರ್ಭಕ್ಕೆ, ಅವಳಿ ಎಂಬ ಒಂದೇ ಕಾರಣದಿಂದ ಹೊಲಿಗೆ ಹಾಕುವುದಕ್ಕೆ ಆಧಾರವಿಲ್ಲ. ಹೊಲಿಗೆಯ ಜೊತೆಗೇ ನಮ್ಮಲ್ಲಿ ರೂಢಿಯಾಗಿ ಬರುವ ತಿಂಗಳುಗಟ್ಟಲೆಯ ‘ಬೆಡ್ ರೆಸ್ಟ್’ ಅಕಾಲ ಪ್ರಸವವನ್ನು ತಡೆಯುವುದೆಂಬುದಕ್ಕೂ ಪ್ರಮಾಣ ದೊರೆತಿಲ್ಲ. ಅದರಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವುಂಟಾಗುವುದಲ್ಲದೆ, ಕೂಲಿಯನ್ನೇ ನೆಚ್ಚಿದ ಸಂಸಾರಕ್ಕೆ ಆದಾಯದ ನಷ್ಟವೂ ಉಂಟಾಗುತ್ತದೆ.

ಆದುದರಿಂದ ಪ್ರಶ್ನೆ ಬಂದು ನಿಲ್ಲುವುದು, ಹೊಲಿಗೆ ಯಾರಿಗೆ ಬೇಕೆಂಬುದನ್ನು ನಾವು ಸಕಾಲದಲ್ಲಿ ಅರಿಯುತ್ತೇವೆಯೇ ಎಂಬಲ್ಲಿ. ಐದನೆಯ ತಿಂಗಳಿನಲ್ಲಿ ಗರ್ಭ ಹೋದವಳು ತವರಿನ ಆಸ್ಪತ್ರೆಯಿಂದ ಬರಿಗೈಯಲ್ಲಿ ಮರಳಿ, ಮುಂದಿನ ಬಾರಿ ಗಂಡನ ಊರಿನ ಆಸ್ಪತ್ರೆಯಲ್ಲಿ ಹೆಸರು ಬರೆಸಿದಾಗ, ಆ ಹಿಂದಿನ ಸಂಗತಿ ಅತ್ತೆಯ ಎದುರಿನಲ್ಲಿ ಬಾಯಿಬಿಡಲಾಗದ ಮಾತಾಗಿಯೋ, ಚೀಟಿಯ ಮೇಲೆ ‘ಗರ್ಭಪಾತ’ ಎಂಬ ಒಂದೇ ಶಬ್ದವಾಗಿಯೋ ಉಳಿದುಬಿಡುತ್ತದೆ. ಎರಡನೆಯ ತಿಂಗಳಿನ ಗರ್ಭಪಾತಕ್ಕೂ ಐದನೆಯ ತಿಂಗಳಿನ ನೋವಿಲ್ಲದ ಸ್ರಾವಕ್ಕೂ ಇರುವ ಮಹದಂತರ ಆ ಒಂದು ಶಬ್ದದಲ್ಲಿ ಅಳಿಸಿಹೋಗುತ್ತದೆ. ಹೊಲಿಗೆಗೆ ತಕ್ಕುದಾದ ವಾರಗಳೂ ಅಷ್ಟರಲ್ಲಿ ಕಳೆದುಹೋಗುತ್ತವೆ. 2020ರಲ್ಲಿ ಲೋಕದಲ್ಲಿ ಅಕಾಲದಲ್ಲಿ ಹುಟ್ಟಿದ ಸುಮಾರು 1.34 ಕೋಟಿ ಶಿಶುಗಳಲ್ಲಿ 30 ಲಕ್ಷ ಭಾರತದವು. ಸೋಂಕು, ರಕ್ತದೊತ್ತಡ ಮೊದಲಾದ ನಾನಾ ಕಾರಣಗಳಿಂದ ಉಂಟಾಗುವ ಅವೆಲ್ಲವನ್ನೂ ಈ ಹೊಲಿಗೆ ತಡೆಯಲಾರದೆಂಬುದು ನಿಜ. ತಡೆಯಬಹುದಾದಷ್ಟನ್ನು ಬರಿಯ ದಾಖಲೆಯ ಲೋಪದಿಂದ ಕೈಬಿಡುವುದು ಮಾತ್ರ ಅಕ್ಷಮ್ಯ.

ಇದಕ್ಕೆ ಹೊಸ ಯೋಜನೆಯಾಗಲಿ ದೊಡ್ಡ ಹಣವಾಗಲಿ ಬೇಕಾಗಿಲ್ಲ. ನಡುತಿಂಗಳಿನಲ್ಲಿ ಗರ್ಭ ಕಳೆದುಕೊಂಡ ಪ್ರತಿಯೊಬ್ಬಳಿಗೂ, ಎಷ್ಟನೆಯ ವಾರ, ಮೊದಲು ಬಂದದ್ದು ನೋವೋ ನೀರೋ ರಕ್ತವೋ, ಶಿಶು ಜೀವಂತವಾಗಿತ್ತೇ ಎಂಬುದನ್ನು ಬರೆದ ಪತ್ರವನ್ನು ಕೊಟ್ಟೇ ಆಸ್ಪತ್ರೆ ಮನೆಗೆ ಕಳುಹಿಸತಕ್ಕದ್ದು. ಮುಂದಿನ ಗರ್ಭದಲ್ಲಿ ಅದೇ ವಿವರ ತಾಯಿ ಕಾರ್ಡಿಗೆ ಏರತಕ್ಕದ್ದು. ಆಶಾ ಕಾರ್ಯಕರ್ತೆಯು ಆ ಪ್ರಶ್ನೆಗಳನ್ನು ಮನೆಯವರಿಂದ ಬೇರೆಯಾಗಿ, ಗರ್ಭಿಣಿಯೊಬ್ಬಳನ್ನೇ ಕೂರಿಸಿಕೊಂಡು ಕೇಳತಕ್ಕದ್ದು. ಅಂಥವಳನ್ನು ಮೂರು ತಿಂಗಳು ತುಂಬುವ ಮೊದಲೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ತಜ್ಞರಲ್ಲಿಗೆ ಕಳುಹಿಸತಕ್ಕದ್ದು. ಎಪ್ಪತ್ತು ವರ್ಷಗಳ ಹಿಂದೆ ಮುಂಬಯಿಯಲ್ಲಿ ರೂಪುಗೊಂಡ ವಿದ್ಯೆಯ ಬಗೆಗೆ ನಾವು ಹೆಮ್ಮೆಪಡಲು ಅರ್ಹರಾಗಬೇಕಾದರೆ, ಆ ವಿದ್ಯೆ ಯಾರಿಗೆ ಸಲ್ಲಬೇಕೋ ಅವರನ್ನು ಕೇಳಿ, ಬರೆದುಕೊಂಡು, ವೇಳೆಗೆ ಸರಿಯಾಗಿ ಗುರುತಿಸುವ ಈ ಸಣ್ಣ ಕರ್ತವ್ಯವನ್ನು ಆರೋಗ್ಯ ಇಲಾಖೆ ಮೊದಲು ನೆರವೇರಿಸಬೇಕು.